ಬಿಸಿಲಿಗೆ ಹಾಕಿದ ಪುಸ್ತಕಗಳು

ಇನ್ನೂ ಬಾರದ, ಆದರೆ ಬರದೇ ಬಿಡದ ಒಂದು ಕಾಲದಲ್ಲಿ, ಕರಿಹೊಂಡ ಎಂಬ ಊರಿನಲ್ಲಿ ಒಂದು ದೊಡ್ಡ ಮನೆಯಿತ್ತು. ಅದರೊಳಗೆ ಮನುಷ್ಯರು ಯಾರೂ ಸಂಸಾರ ಹೂಡಿರಲಿಲ್ಲ. ಇಪ್ಪತ್ತೆಂಟು ಸಾವಿರ ಪುಸ್ತಕಗಳು ಹೂಡಿದ್ದವು. ತಲೆಬಾಗಿಲ ಮೇಲೆ ಕಲ್ಲಿನಲ್ಲಿ ‘ಇದು ಎಲ್ಲರ ಮನೆ’ ಎಂದು ಕೊರೆದಿತ್ತು. ಕಲ್ಲಿನಲ್ಲಿ ಕೊರೆದದ್ದೆಲ್ಲ ನಿಜವಾಗಿದ್ದರೆ ಕಥೆ ಹೇಳುವವರಿಗೆ ಕೆಲಸವೇ ಇರುತ್ತಿರಲಿಲ್ಲ.

ಆ ಗ್ರಂಥಾಲಯಕ್ಕೆ ನೂರು ತುಂಬುವ ವರ್ಷ ರಾಜಧಾನಿಯಿಂದ ಒಂದು ಆದೇಶ ಬಂತು. ಪ್ರತಿಯೊಂದು ಸಾರ್ವಜನಿಕ ಗ್ರಂಥಾಲಯವೂ ವೈವಿಧ್ಯ ಮತ್ತು ಸಾಮಾಜಿಕ ನ್ಯಾಯದ ಬಗ್ಗೆ ಒಂದು ಡಿಜಿಟಲ್ ಪ್ರದರ್ಶನ ಕಟ್ಟಬೇಕು. ಕಟ್ಟುವುದು ಹೇಗೆ ಎಂದು ಕೇಳುವ ಮೊದಲೇ ಒಂದು ಯಂತ್ರವೂ ಬಂದಿಳಿಯಿತು. ಅದರ ಹೆಸರು ಬೆರಳೋದುಗ.

ಮನುಷ್ಯ ಪುಸ್ತಕ ಹಿಡಿದರೆ ಬೆವರಿನ ಉಪ್ಪು, ಚರ್ಮದ ಜಿಡ್ಡು ಕಾಗದದ ನಾರಿಗೆ ಇಳಿಯುತ್ತವೆ. ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ಒಂದು ಬಗೆಯ ನೇರಳೆ ಬೆಳಕು ಬಿದ್ದಾಗ ಆ ಜಿಡ್ಡು ಮಿಂಚುಹುಳದ ಹಾಗೆ ಹೊಳೆಯುತ್ತದೆ. ಬೆರಳೋದುಗ ಪುಟಪುಟವನ್ನೂ ತಾನೇ ಮಗುಚಿ, ಹೊಳೆದದ್ದನ್ನು ಹೆಕ್ಕಿ, ಇದು ಒಬ್ಬರ ಕೈ, ಇದು ಇನ್ನೊಬ್ಬರ ಕೈ ಎಂದು ಬೇರೆ ಮಾಡುತ್ತಿತ್ತು. ಜಿಡ್ಡು ಎಷ್ಟು ಆಳಕ್ಕಿಳಿದಿದೆ ಎಂಬುದರ ಮೇಲೆ ಬೆರಳು ಅಲ್ಲಿ ಎಷ್ಟು ಹೊತ್ತು ನಿಂತಿತ್ತೆಂದು ಅಂದಾಜು ಮಾಡುತ್ತಿತ್ತು. ಆಮೇಲೆ ಓದುವ ಕೋಣೆಯ ಮೂವತ್ತಡಿ ಗೋಡೆಯ ಮೇಲೆ ಬೆಳಕಿನ ಕೈಯೊಂದು ಮೂಡುತ್ತಿತ್ತು. ಎಂದೋ ಯಾರೋ ಓದಿದ ಪುಸ್ತಕವನ್ನು ಅದು ಅವರು ಓದಿದ ಹಾಗೆಯೇ, ಅವರು ತಡೆದಲ್ಲಿ ತಡೆದು, ಓಡಿದಲ್ಲಿ ಓಡಿ, ಮತ್ತೊಮ್ಮೆ ಓದುತ್ತಿತ್ತು.

ಈ ಯಂತ್ರ ನಡೆಸುವ ಕೆಲಸ ಸಿಕ್ಕಿದ್ದು ಹುಲಿಗೆಮ್ಮನಿಗೆ. ಇಪ್ಪತ್ತಾರರ ಹುಡುಗಿ, ಕಚೇರಿಯಲ್ಲಿ ಹುಲಿಗೆಮ್ಮ, ಮನೆಯಲ್ಲಿ ಬರೀ ಹುಲಿ. ಮೊದಲ ಬೆಳಕಿನ ಕೈ ಗೋಡೆಯ ಮೇಲೆ ಪುಟ ಮಗುಚಿದ ದಿನ ಆಕೆ ಊಟದ ಡಬ್ಬಿಯನ್ನೂ ಮರೆತು ಕೇರಿಗೆ ಓಡಿಬಂದಳು. ಕಟ್ಟೆಯ ಮೇಲೆ ಅವಳ ಅಜ್ಜಿ ಗಾಳೆವ್ವ ಕೂತಿದ್ದಳು. ಎಂಬತ್ತಾರು ವರ್ಷದ ಗಾಳೆವ್ವ ‘ಆ ಲೈಬ್ರರಿ ಪುಸ್ತಕ ನಾ ಬೇಕಾದಷ್ಟು ಓದೀನಿ’ ಎಂದು ಅರವತ್ತು ವರ್ಷದಿಂದ ಹೇಳುತ್ತ ಬಂದಿದ್ದಳು. ನಂಬಿದವರು ಯಾರೂ ಇಲ್ಲ. ಗ್ರಂಥಾಲಯದ ಯಾವ ನೋಂದಣಿ ಪುಸ್ತಕದಲ್ಲೂ ಆಕೆಯ ಹೆಸರಿಲ್ಲ. ಕೇರಿಯಲ್ಲಿ ಅದು ಒಂದು ನಗೆಯ ಮಾತಾಗಿತ್ತು.

‘ಆಯೀ,’ ಎಂದಳು ಹುಲಿ ಏದುಸಿರಿನಲ್ಲಿ, ‘ನಿನ್ನ ಕೈ ಆ ಗ್ವಾಡಿ ಮ್ಯಾಲ ತರ್ತೀನಿ. ಅದರ ಕೆಳಗ ನಿನ್ನ ಹೆಸರು ಬರಸ್ತೀನಿ. ನಿನ್ನಾಣಿ.’

‘ನನ್ನಾಣಿ ಯಾಕ, ನಿನ್ನಾಣಿ ಮಾಡು. ನಾ ಇನ್ನೂ ನಾಕ ದಿನ ಇರಬೇಕು,’ ಎಂದಳು ಗಾಳೆವ್ವ. ಆದರೆ ಅವತ್ತು ಎರಡು ರೊಟ್ಟಿ ಹೆಚ್ಚೇ ಉಂಡಳು.

ಮೂರು ತಿಂಗಳಲ್ಲಿ ಯಂತ್ರ ಇಪ್ಪತ್ತೆಂಟು ಸಾವಿರ ಪುಸ್ತಕಗಳನ್ನು ಓದಿ ಮುಗಿಸಿತು. ನಾಲ್ಕು ಸಾವಿರದ ಇನ್ನೂರ ಹನ್ನೆರಡು ಕೈಗಳು. ನಿಯಂತ್ರಣ ಕೋಣೆಯ ಪರದೆಯ ಮೇಲೆ ಅವೆಲ್ಲ ನೋಂದಣಿ ಪುಸ್ತಕದ ವಿಳಾಸಗಳಿಗೆ ತಾಳೆಯಾಗಿ ಊರಿನ ನಕ್ಷೆಯ ಮೇಲೆ ಚುಕ್ಕಿಗಳಾಗಿ ಕೂತವು. ನೋಡುತ್ತ ನೋಡುತ್ತ ಹುಲಿಗೆಮ್ಮನ ಮುಖ ಬಾಡಿತು. ಚುಕ್ಕಿಗಳೆಲ್ಲ ನಾಲ್ಕೇ ಓಣಿಗಳಲ್ಲಿ ಗಿಜಿಗುಡುತ್ತಿದ್ದವು. ಹೊಂಡದ ಆಚೆಯ ದಂಡೆಯಲ್ಲಿ, ಕೇರಿ ಇರುವ ಕಡೆ, ಇತ್ತೀಚಿನ ಇಪ್ಪತ್ತು ವರ್ಷದ ಕೆಲವು ಚುಕ್ಕಿ ಬಿಟ್ಟರೆ ಕತ್ತಲೆ. ಏಳನೆಯ ಕಪಾಟಿನ ಮುನ್ನೂರ ಹನ್ನೊಂದು ಪುಸ್ತಕಗಳ ಎದುರು ಯಂತ್ರ ‘ಯಾರೂ ಓದಿಲ್ಲ’ ಎಂದು ಬರೆದಿತ್ತು.

ಗ್ರಂಥಾಲಯದ ಮುಖ್ಯಸ್ಥರು ವಿರೂಪಾಕ್ಷ ಅಂಗಡಿ. ಅಂಗಡಿಯವರು ಕೆಟ್ಟವರಲ್ಲ, ತೊಂದರೆಯೇ ಅದು. ಕೆಟ್ಟವರಾಗಿದ್ದರೆ ಜಗಳ ಸಲೀಸು. ಸಿಬ್ಬಂದಿಯ ಮಕ್ಕಳ ಹುಟ್ಟುಹಬ್ಬಕ್ಕೆ ಪೇಡೆ ತರುವವರು ಅವರು, ಭಾಷಣದಲ್ಲಿ ಸಮಾನತೆ ಎಂಬ ಪದ ಬಂದಾಗ ಗಂಟಲು ಗದ್ಗದವಾಗುವವರು.

‘ನಾಕೇ ಓಣಿ ಆದ್ರ ಹೆಂಗವಾ?’ ಎಂದರು ಪರದೆಯ ಮುಂದೆ ಬಗ್ಗಿ. ‘ವೈವಿಧ್ಯ ಎಲ್ಲೈತಿ? ಮೇಲಿನವರು ಬಂದು ನೋಡಿದ್ರ ಮಾರಿ ಎತ್ತಂಗಿಲ್ಲ ನಾವು.’

‘ಇದ್ದದ್ದು ಇಷ್ಟರಿ ಸರ್.’

‘ಇದ್ದದ್ದು ಇಷ್ಟಾದ್ರ ಇಲ್ಲದ್ದು ಮಾಡೋಣ. ಯಂತ್ರಕ್ಕ ಕೈ ಮಾಡಾಕ ಬರತೈತಲ್ಲ? ಒಂದ್ ನಲವತ್ತು ಕೈ ಮಾಡಸು. ಸ್ವಲ್ಪ ಕರ್ರಗ, ಸ್ವಲ್ಪ ಒರಟ. ಅರ್ಧ ಹೆಂಗಸರದು ಇರಲಿ. ಹಸಿರು ಬಳಿ ತೊಡಸು, ಛಂದ ಕಾಣತೈತಿ.’

‘ಇಲ್ಲದವರ ಕೈ ಎಲ್ಲಿಂದ ತರೋಣ್ರಿ?’

‘ಇಲ್ಲದವರಿಗಾಗೇ ಅಲ್ಲೇನವಾ ಸಾಮಾಜಿಕ ನ್ಯಾಯ ಇರೂದು?’ ಎಂದು ಅಂಗಡಿಯವರು ತಮ್ಮ ಮಾತಿಗೆ ತಾವೇ ತಲೆದೂಗಿದರು. ಹೊರಡುವಾಗ ತಿರುಗಿ, ‘ಮತ್ತ ಆ ಬೇವಿನ ಎಲಿ ಫಲಕ ಬರದೀಯಲ್ಲ, ಅದು ಬಂಗಾರ ನೋಡು. ಅದನ್ನ ಬಾಗಲದಾಗ ಹಾಕೋಣ,’ ಎಂದರು.

ಬೇವಿನ ಎಲೆಯ ಫಲಕ ಹುಲಿಗೆಮ್ಮನದೇ ಕೈಕೆಲಸ. ಏಳನೆಯ ಕಪಾಟಿನ ಪುಸ್ತಕಗಳ ನಡುನಡುವೆ ಒಣಗಿ ಪುಡಿಯಾದ ಬೇವಿನ ಎಲೆಗಳು ಸಿಕ್ಕಿದ್ದವು. ಹಳೆಯ ಫೋಟೋ ಒಂದರಲ್ಲಿ ಮಾಳಿಗೆಯ ಮೇಲೆ ಪುಟ ಬಿಡಿಸಿ ಬಿಸಿಲಿಗೆ ಹಾಕಿದ ಪುಸ್ತಕಗಳ ಸಾಲಿತ್ತು. ಕನಸು ಕಾಣುವ ಹುಡುಗಿ. ಎರಡನ್ನೂ ಕೂಡಿಸಿ ಒಂದು ಚೆಂದದ ಬರಹ ಬರೆದಿದ್ದಳು. ಅದನ್ನು ಅಂದು ಸಂಜೆ ಅಜ್ಜಿಗೆ ಓದಿ ತೋರಿಸಲು ಮನೆಗೆ ತಂದಳು. ಕೈ ಸಿಗದ ಸುದ್ದಿ ಹೇಳುವ ಮೊದಲು ಏನಾದರೂ ಸಿಹಿ ಇರಲಿ ಎಂದು.

ಕಟ್ಟೆಯ ಮೇಲೆ ಗಾಳೆವ್ವನ ಜೊತೆಗೆ ಪಕ್ಕದ ಮನೆಯ ದುರ್ಗಪ್ಪನೂ ಇದ್ದ. ಅರವತ್ತರ ಆಸಾಮಿ, ಮಾತು ಚೂಪು.

‘ಏನವಾ ಹುಲೀ, ನಿಮ್ಮ ಆಯಿ ಪಂಡಿತರ ಕೈ ಸಿಕ್ಕಿತೇನು? ಇಲ್ಲಾ ಅವರು ಕಾಲಾಗ ಹಿಡದು ಓದ್ಯಾರೋ?’

‘ಬಾಯಿ ಮುಚ್ಚೋ ದುರ್ಗ್ಯಾ. ಹುಡುಗಿ ಏನೋ ಬರದಾಳ, ಕೇಳು,’ ಎಂದಳು ಗಾಳೆವ್ವ.

ಹುಲಿ ಗಂಟಲು ಸರಿಮಾಡಿಕೊಂಡು ಓದಿದಳು: ‘ನಮ್ಮ ಗ್ರಂಥಾಲಯದ ಹಿರಿಯರು ಪುಸ್ತಕಗಳನ್ನು ಮಕ್ಕಳಂತೆ ಸಾಕಿದರು. ಹುಳು ಬೀಳದಿರಲೆಂದು ಪುಟಗಳ ನಡುವೆ ಬೇವಿನ ಎಲೆಯಿಟ್ಟು, ದಿನವಿಡೀ ಬಿಸಿಲಿಗೆ ಹಾಕಿ, ಸಂಜೆ ಮತ್ತೆ ಒಳಗೆ ತರುತ್ತಿದ್ದರು. ಯಂತ್ರಗಳಿಲ್ಲದ ಕಾಲದ ಆ ವೈಜ್ಞಾನಿಕ ಜಾಣ್ಮೆಗೆ ನಮ್ಮ ನಮನ.’

ಗಾಳೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

‘ಹೆಂಗಾಗೇತಿ ಆಯೀ?’

‘ಇದನ್ನ ಯಾರು ಬರಿ ಅಂದ್ರು ನಿನಗ?’

‘ನಾನ ಬರದೆ.’

‘ನನ್ನ ಮನ್ಯಾಗ ಬೆಳದು, ನನ್ನ ಕಥಿ ಕೇಳಿ, ಇದನ್ನ ಬರದೆ?’ ಅಜ್ಜಿಯ ಧ್ವನಿ ಏರಲಿಲ್ಲ. ‘ಹುಳಾ ಅಂತ. ಆ ಹುಳಾ ಯಾರು ಗೊತ್ತೇನ? ನಾನ. ಹುಳಾ ನಾನು. ಹೊಳ್ಳಿ ಓದು, ಎಲ್ಲೆಲ್ಲಿ ಹುಳಾ ಅಂತ ಐತಿ ಅಲ್ಲೆಲ್ಲಾ ಗಾಳೆವ್ವ ಅಂತ ಓದು.’

ದುರ್ಗಪ್ಪ ನಗಲು ಹೊರಟವನು ತಲೆ ತಗ್ಗಿಸಿದ.

‘ನನಗ ಆಗ ಹದಿನಾರು. ಮುಂಜಾನಿ ಸುಣ್ಣದ ಗುಂಡ್ಯಾಗ ತೊಗಲು ತೊಳದು, ಮಧ್ಯಾಹ್ನ ಲೈಬ್ರರಿ ಹಿಂದಿನ ಕಿಟಕಿಗೆ ಹೋಗತಿದ್ದೆ. ಬಾಗಲದಿಂದ ನಮ್ಮನ್ನ ಬಿಡತಿರಲಿಲ್ಲ. ಬಾಗಲ ಎಲ್ಲಾರಿಗೂ ಅಂತ ಕಾಯಿದೆ ಇತ್ತು, ನಮಗ ಕಿಟಕಿನ ಅಂತ ರೂಢಿ ಇತ್ತು. ಜವಾನ ಪುಸ್ತಕ ಕಟ್ಟಿ ಮ್ಯಾಲ ಇಟ್ಟು ಹಿಂದ ಸರೀತಿದ್ದ, ನಾ ತಗೋತಿದ್ದೆ. ತಿರುಗಿ ಕೊಡೂಮುಂದ ನಾ ಇಟ್ಟು ಹಿಂದ ಸರೀಬೇಕು, ಅಂವ ಕೋಲಿನಿಂದ ಬುಟ್ಟಿಗೆ ನೂಕ್ಕೋತಿದ್ದ. ನಮಗಂತ ಒಂದು ಕಪಾಟ ಬ್ಯಾರೆ. ನೋಂದಣಿ ಇಲ್ಲ, ಸಹಿ ಇಲ್ಲ. ಬುಟ್ಟಿ ಸೀದಾ ಮಾಳಗಿ ಮ್ಯಾಲ. ಬೇವಿನ ಎಲಿ ತುರುಕಿ ಮೈಲಿಗಿ ಸುಡಾಕ ಬಿಸಿಲಿಗೆ ಒಡ್ಡತಿದ್ರು. ನಾ ಹೊಂಡದ ದಂಡಿ ಮ್ಯಾಲ ನಿಂತು ನೋಡೀನವಾ. ನಾ ಓದಿದ ಪುಸ್ತಕ ನನ್ನ ಕಣ್ಮುಂದ ಹಪ್ಪಳಾದಂಗ ಒಣಗೂದು ನೋಡೀನಿ.’

‘ಇಷ್ಟು ದಿನ ಯಾಕ ಹೇಳಲಿಲ್ಲ ಆಯೀ?’

‘ಹುಡುಗರಿಗೆ ಮಲಗಿಸೂಮುಂದ ಹೇಳೂ ಕಥಿ ಏನಿದು? ರಾಜಕುಮಾರಿ ಕಥಿ ಹೇಳಿದೆ, ಏಳು ಸಮುದ್ರದ್ದು ಹೇಳಿದೆ. ನಿನಗ ಕನಸು ಬೀಳಬೇಕಿತ್ತು, ಇದು ಬೀಳಬಾರದಿತ್ತು.’

ಹುಲಿ ಕೈಯಲ್ಲಿದ್ದ ಕಾಗದವನ್ನು ಹರಿದಳು. ಎರಡಾಗಿ, ನಾಲ್ಕಾಗಿ, ಎಂಟಾಗಿ. ತನ್ನ ಅಜ್ಜಿಯನ್ನು ಸುಟ್ಟ ಬಿಸಿಲಿಗೆ ತಾನೇ ನಮನ ಬರೆದಿದ್ದಳಲ್ಲ!

ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದಳು. ‘ಆಯೀ, ಯಾವ ಪುಸ್ತಕ ಭಾಳ ಓದಿದ್ದಿ?’

‘ಹಡಿಯೂ ಹೆಂಗಸರ ಪುಸ್ತಕ. ಬಾಣಂತಿ, ಕೂಸು, ಎಲ್ಲಾ ಇತ್ತು. ಆ ವರ್ಷ ನಮ್ಮಕ್ಕ ಹಡೀಲಾರದ ಸತ್ತಿದ್ಲು. ಕೂಸು ಕುಂತಿತ್ತು ಹೊಟ್ಯಾಗ, ತಲಿ ಮ್ಯಾಲ. ಏನ್ ಮಾಡಬೇಕಂತ ಯಾರಿಗೂ ಗೊತ್ತಿರಲಿಲ್ಲ. ಆ ಪುಸ್ತಕದಾಗ ಕುಂತ ಕೂಸಿನ ಚಿತ್ರ ಇತ್ತು. ಹನ್ನೊಂದ್ ಸಲ ತಂದೆ ಅದನ್ನ. ನಲವತ್ತೆರಡನೇ ಪುಟ. ಅಕ್ಷರ ಕೂಡಿಸಿ ಕೂಡಿಸಿ, ಬೆರಳಿಟ್ಟು ಓದೀನಿ.’

ಮರುದಿನ ಬೆಳಿಗ್ಗೆ ಹುಲಿಗೆಮ್ಮ ಏಳನೆಯ ಕಪಾಟಿನಿಂದ ಆ ಪುಸ್ತಕ ಹುಡುಕಿ ತೆಗೆದಳು. ರಟ್ಟು ಹೋಗಿತ್ತು, ಪುಟಗಳು ಕಂದಿದ್ದವು. ಯಂತ್ರಕ್ಕೆ ಇಟ್ಟಳು. ನೇರಳೆ ಬೆಳಕು ನಲವತ್ತೆರಡನೆಯ ಪುಟದ ಮೇಲೆ ಹರಿಯಿತು. ಒಂದು ಹೊಳಪೂ ಇಲ್ಲ. ‘ಯಾರೂ ಓದಿಲ್ಲ.’

‘ಸುಳ್ಳು ಹೇಳತೈತಿ ನಿಮ್ಮ ಯಂತ್ರ ಚಾಚಾ,’ ಎಂದು ಪರದೆಗೆ ಬೆರಳು ತೋರಿಸಿ ಕೂಗಿದಳು.

‘ಯಂತ್ರಕ್ಕ ಸುಳ್ಳು ಬರಂಗಿಲ್ಲ ತಂಗಿ. ನಾವು ಕಲಸಿದ್ದಷ್ಟ ಬರತೈತಿ,’ ಎಂದರು ಜಲೀಲ್. ಬೆರಳೋದುಗದ ಗಾಲಿ, ಮಸೂರ, ತಂತಿ ಎಲ್ಲ ನೋಡಿಕೊಳ್ಳುವ ಐವತ್ತೈದರ ಮೆಕ್ಯಾನಿಕ್. ಅವರ ಮನೆತನದ್ದು ಸೀರೆಗೆ ಬಣ್ಣ ಹಾಕುವ ಕಸುಬು. ಇವರೊಬ್ಬರು ಯಂತ್ರಕ್ಕೆ ಬಿದ್ದವರು. ಹುಲಿ ಅಜ್ಜಿ ಹೇಳಿದ್ದನ್ನೆಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಜಲೀಲರ ಕೈಯಲ್ಲಿದ್ದ ಚಹಾ ಆರಿಹೋಯಿತು.

‘ಬಿಸಿಲು ಜಿಡ್ಡು ತಿಂದೈತಿ ಚಾಚಾ,’ ಎಂದಳು. ‘ಹೊಳಿಯೂದಕ್ಕ ಏನೂ ಉಳಿದಿಲ್ಲ. ಅವರಿಗೆ ಬೇಕಾಗಿದ್ದೂ ಅದ. ಅಳಿಸಿಬಿಟ್ರು.’

ಜಲೀಲ್ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರು. ‘ಬಣ್ಣದವರ ಮಗ ನಾ. ಒಂದ್ ಮಾತ ಹೇಳತೀನಿ ಕೇಳು. ಬಿಸಿಲು ಯಾವುದನ್ನೂ ಅಳಸಂಗಿಲ್ಲ, ಬದಲಿ ಮಾಡತೈತಿ. ಎಣ್ಣಿ ಹನಿ ಬಿದ್ದ ಸೀರಿ ಬಿಸಿಲಿಗೆ ಹಾಕಿ ನೋಡು. ಎಣ್ಣಿ ಹೋಗತೈತಿ, ಆ ಜಾಗ ಮಾತ್ರ ಉಳಿದ ಸೀರಿಗಿಂತ ಒಂದ್ ಕೂದಲೆಳಿ ಹೆಚ್ಚು ಕಂದತೈತಿ. ನಮ್ಮಪ್ಪ ಅದಕ್ಕ ಎಷ್ಟು ಹೊಡದಾನ ನನ್ನ!’

ಹುಲಿ ಕೂತಲ್ಲೇ ನೆಟ್ಟಗಾದಳು. ಜಿಡ್ಡು ಹೀರಿದ ಕಾಗದದ ನಾರು ಬಿಸಿಲಿಗೆ ಬೇಗ ಬೇಯುತ್ತದೆ. ಬೆರಳು ಇದ್ದಲ್ಲಿ ಕಾಗದ ಉಳಿದ ಭಾಗಕ್ಕಿಂತ ತುಸು ಹೆಚ್ಚು ಕಂದಿರಲೇಬೇಕು. ಹಾಗಿದ್ದರೆ ಯಂತ್ರಕ್ಕೆ ಅದು ಯಾಕೆ ಕಾಣಲಿಲ್ಲ?

ಕಾರಣ ಹುಡುಕಲು ಅರ್ಧ ಗಂಟೆ ಸಾಕಾಯಿತು. ಯಂತ್ರದ ಕೆಲಸದಲ್ಲಿ ಮೊದಲ ಹಂತವೇ ‘ಶುದ್ಧೀಕರಣ’. ಪುಟದ ಮೇಲಿನ ಕಂದು ಗುರುತುಗಳನ್ನೆಲ್ಲ ಹಳೆಯ ಕಾಗದದ ಕೊಳೆ ಎಂದು ಎಣಿಸಿ ಅದು ಮೊದಲು ಒರೆಸಿಹಾಕುತ್ತಿತ್ತು; ಆಮೇಲೆ ಬೆರಳು ಹುಡುಕುತ್ತಿತ್ತು. ಎಪ್ಪತ್ತು ವರ್ಷದ ಹಿಂದೆ ಜವಾನ ಕೋಲಿನಿಂದ ಮಾಡಿದ್ದನ್ನು ಈಗ ಯಂತ್ರ ಬೆಳಕಿನಿಂದ ಮಾಡುತ್ತಿತ್ತು. ಯಾರದೋ ದುರುದ್ದೇಶವಲ್ಲ. ಕೊಳೆ ಯಾವುದು, ಕೈ ಯಾವುದು ಎಂದು ನಿರ್ಧರಿಸಿದವರಿಗೆ ಕೊಳೆಯಲ್ಲೂ ಕೈ ಇರಬಹುದೆಂಬ ಯೋಚನೆ ಬಂದಿರಲಿಲ್ಲ, ಅಷ್ಟೆ. ಆ ‘ಅಷ್ಟೆ’ಯಲ್ಲಿ ಒಂದು ಇಡೀ ಕೇರಿ ಮುಳುಗಿಹೋಗಿತ್ತು.

‘ಶುದ್ಧೀಕರಣ ಬಂದ್ ಮಾಡ್ರಿ ಚಾಚಾ. ನೇರಳೆ ದೀಪ ತಗೀರಿ, ನೀಲಿ ಹಾಕ್ರಿ. ಹೊಳಿಯೂದು ಬ್ಯಾಡ, ಬೆಳಕು ನುಂಗೂದನ್ನ ಹುಡುಕೋಣ.’

ಮಸೂರ ಬದಲಿಸಿ, ಹೊಸ ಲೆಕ್ಕ ಬರೆದು, ತಪ್ಪಿ, ತಿದ್ದಿ, ಮತ್ತೆ ತಪ್ಪಿ ಎರಡು ದಿನ ಕಳೆದವು. ಮೂರನೆಯ ದಿನ ಮಧ್ಯಾಹ್ನ ಪರದೆಯ ಮೇಲೆ ಮೊದಲು ಎಲೆಗಳು ಮೂಡಿದವು. ಬೇವಿನ ಎಲೆ ನೆರಳು ಕೊಟ್ಟಲ್ಲಿ ಕಾಗದ ಬೆಳ್ಳಗೆ ಉಳಿದಿತ್ತು. ಎಲೆಯ ಹಲ್ಲುಗಳನ್ನೂ ಎಣಿಸಬಹುದಿತ್ತು. ಆಮೇಲೆ ಅಂಚಿನಲ್ಲಿ, ಕತ್ತಲಾಗಿ, ಒಂದು ಹೆಬ್ಬೆರಳು. ಅದರ ಪಕ್ಕ ಚಿತ್ರದ ಮೇಲೆ ಒಂದು ತೋರುಬೆರಳು.

ಯಂತ್ರ ಕೇಳಿತು: ‘ಗೆರೆಗಳಿಲ್ಲ. ಇದು ಕೈ ಹೌದೇ?’

ಸುಣ್ಣದ ಗುಂಡಿಯಲ್ಲಿ ದುಡಿದವರ ಬೆರಳಲ್ಲಿ ಗೆರೆ ಉಳಿಯುವುದಿಲ್ಲ, ಸುಣ್ಣ ತಿಂದುಹಾಕುತ್ತದೆ. ಹುಲಿ ‘ಹೌದು’ ಒತ್ತಿದಳು, ಗುಂಡಿ ಮುರಿಯುವ ಹಾಗೆ. ಪುಸ್ತಕದಲ್ಲಿ ಬೇರೆ ಯಾರ ಕೈಯೂ ಇರಲಿಲ್ಲ. ಒಂದೇ ಸಣ್ಣ ಕೈ. ಒಂದರ ಮೇಲೊಂದು ಹನ್ನೊಂದು ಪದರ. ನಲವತ್ತೆರಡನೆಯ ಪುಟದಲ್ಲಿ ಕುಂತ ಕೂಸಿನ ಬೆನ್ನ ಮೇಲೆ ಆ ಬೆರಳು ನಿಂತೇ ನಿಂತಿತ್ತು.

‘ಸುಡಾಕ ಹಾಕಿದ ಬಿಸಿಲೇ ಅಚ್ಚೊತ್ತಿ ಇಟ್ಟೈತಲ್ಲೇ!’ ಎಂದು ಜಲೀಲ್ ತಲೆಯ ಮೇಲೆ ಕೈಹೊತ್ತರು.

ಮುನ್ನೂರ ಹನ್ನೊಂದು ಪುಸ್ತಕಗಳಿಂದ ಐವತ್ತೇಳು ಕೈಗಳು ಎದ್ದುಬಂದವು. ಬಹಳಷ್ಟು ನುಣುಪು ಬೆರಳುಗಳು. ಕೆಲವು ಮಕ್ಕಳವು.

ಉದ್ಘಾಟನೆಗೆ ಮೂರು ದಿನವಿದ್ದಾಗ ಹುಲಿಗೆಮ್ಮ ಎಲ್ಲವನ್ನೂ ಅಂಗಡಿಯವರ ಮೇಜಿನ ಮೇಲಿಟ್ಟಳು. ಐವತ್ತೇಳು ಕೈಗಳ ಚಿತ್ರ ನೋಡಿ ಅವರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ‘ಅದ್ಭುತ, ಅದ್ಭುತ!’ ಎಂದರು. ಆಮೇಲೆ ಫಲಕದ ಹೊಸ ಬರಹ ನೋಡಿದರು. ‘ಈ ಪುಸ್ತಕಗಳನ್ನು ಬಿಸಿಲಿಗೆ ಹಾಕಿದ್ದು ಹುಳುವಿಗೆ ಹೆದರಿ ಅಲ್ಲ, ಮನುಷ್ಯರಿಗೆ ಹೇಸಿ’ ಎಂದಿತ್ತು. ಅವರ ಕಣ್ಣು ಒಣಗಿತು.

‘ಕೈ ಇರಲಿ. ಇದು ಯಾಕ ಬೇಕು? ನೂರು ವರ್ಷದ ಹಬ್ಬ ಇದು. ಹಬ್ಬದ ದಿನ ಹಳೇ ಗಾಯ ಕೆರೀಬಾರದು.’

‘ಗಾಯ ಯಾರದ್ರಿ ಸರ್? ಕೆರೀಬೇಕೋ ಬ್ಯಾಡೋ ಅವರು ಹೇಳಲಿ.’

‘ಹಂಗಲ್ಲವಾ. ಈಗ ಯಾರು ಮಾಡತಾರ ಹಂಗ? ಮಾಡಿದವರೆಲ್ಲ ಸತ್ತು ಹೋಗ್ಯಾರ.’

‘ಮಾಡಿಸಿಕೊಂಡಾಕಿ ನಮ್ಮನಿ ಕಟ್ಟಿ ಮ್ಯಾಲ ಕುಂತಾಳ್ರಿ. ಊಟಕ್ಕ ಈಗ ರೊಟ್ಟಿ ಬಡೀತಿರತಾಳ.’

ಅಂಗಡಿಯವರು ಕನ್ನಡಕ ತೆಗೆದರು. ‘ನೋಡು, ನೀ ಚಲೋ ಹುಡುಗಿ. ಫಲಕ ಬಿಡು. ಆ ಐವತ್ತೇಳಕ್ಕ ನಲವತ್ತು ಸೇರಸು, ತೊಂಬತ್ತೇಳಾಗತೈತಿ. ಎಲ್ಲಾರಿಗೂ ಖುಷಿ.’

‘ಇಲ್ರಿ. ಪ್ರತಿ ಕೈ ಯಾವ ಪುಟದಿಂದ ಬಂತು ಅಂತ ಬರದು ಸಹಿ ಮಾಡಬೇಕಾದಾಕಿ ನಾನು. ಇದು ರಾಜಧಾನಿ ಆದೇಶದಾಗ ಐತಿ. ಇಲ್ಲದ ಕೈಗೆ ನಾ ಸಹಿ ಮಾಡಂಗಿಲ್ಲ. ನಿಜವಾದ ಕೈ ಯಾಕ ಕಂದಿದ್ವು ಅಂತ ಬರೀದ ಇದ್ರ ಅದಕ್ಕೂ ಮಾಡಂಗಿಲ್ಲ.’

‘ಜಲೀಲ್ ಮಾಡತಾನ.’

ಬಾಗಿಲಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ ಜಲೀಲ್ ಹೇಳಿದರು, ‘ಜಲೀಲ್‌ನ ಕೈಗೆ ವಾತ ಹಿಡದೈತ್ರಿ ಸಾಹೇಬ್ರ. ಸಹಿ ಮಾಡಾಕ ಬರವಲ್ದು.’

ಅಂಗಡಿಯವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಸಹಿಯಿಲ್ಲದೆ ಪ್ರದರ್ಶನ ತೆರೆಯುವಂತಿಲ್ಲ. ಕಡೆಗೆ ಎದ್ದು, ‘ಫಲಕ ಹಾಕ್ರಿ. ಕೇಳಿದವರಿಗೆ ನೀನ ಉತ್ತರ ಹೇಳು,’ ಎಂದರು. ‘ಆದ್ರ ಹೆಸರು ಮಾತ್ರ ಹಾಕಬ್ಯಾಡ. ನೋಂದಣಿ ಇಲ್ಲದವರ ಹೆಸರು ಹಾಕಾಕ ನಿಯಮ ಇಲ್ಲ. ಹೆಸರು ತಿಳಿದಿಲ್ಲ ಅಂತಿರಲಿ.’

‘ನಿಯಮ ನಾ ಓದೀನ್ರಿ. ನೋಂದಣಿ ಇಲ್ಲದಿದ್ರ ಮೂರು ಮಂದಿ ಸಾಕ್ಷಿ ಸಾಕಂತ ಐತಿ.’

‘ಎಪ್ಪತ್ತು ವರ್ಷದ ಹಿಂದ ನಿಮ್ಮ ಅಜ್ಜಿ ಓದಿದ್ದಕ್ಕ ಈಗ ಸಾಕ್ಷಿ ಯಾರದಾರವಾ?’ ಎಂದರು ಅಂಗಡಿ. ಕುಹಕವಲ್ಲ; ನಿಜವಾಗಿಯೇ ಕೇಳಿದರು.

ಅಜ್ಜಿಯ ಜೊತೆ ಕಿಟಕಿಗೆ ಹೋಗುತ್ತಿದ್ದ ಗೆಳತಿಯರೆಲ್ಲ ಮಣ್ಣಾಗಿದ್ದರು.

ಉದ್ಘಾಟನೆಯ ದಿನ ಬೆಳಿಗ್ಗೆ ಹತ್ತಕ್ಕೆ ಕೇರಿಗೆ ಕೇರಿಯೇ ಬಂತು. ಗಾಳೆವ್ವ ಇಳಕಲ್ ಸೀರೆಯುಟ್ಟು, ದುರ್ಗಪ್ಪನ ಭುಜ ಹಿಡಿದು, ತಲೆಬಾಗಿಲಿನ ಮೂರು ಮೆಟ್ಟಿಲು ಹತ್ತಿದಳು. ಒಳಗೆ ಒಂದು ಹೆಜ್ಜೆ ಇಟ್ಟು ನಿಂತು ಸುತ್ತ ನೋಡಿ, ‘ಇಷ್ಟ ಏನು? ಹೊರಗಿಂದ ದೊಡ್ಡದು ಕಾಣತಿತ್ತು,’ ಎಂದಳು.

ಭಾಷಣಗಳು ಮುಗಿದವು. ದೀಪ ಆರಿತು. ಗೋಡೆಯ ಮೇಲೆ ಕೈಗಳು ಮೂಡತೊಡಗಿದವು: ವಕೀಲರ ಕೈ, ಮಾಸ್ತರರ ಕೈ, ಮದುವೆಯಾಗದ ಹುಡುಗಿಯ ಅವಸರದ ಕೈ. ಜನ ತಮ್ಮ ತಮ್ಮ ಹಿರಿಯರ ಹೆಸರು ಓದಿ ಚಪ್ಪಾಳೆ ತಟ್ಟಿದರು. ಆಮೇಲೆ ಫಲಕದ ಅಕ್ಷರಗಳು ಬಂದವು. ಚಪ್ಪಾಳೆ ನಿಂತಿತು. ಮುಂದಿನ ಸಾಲಿನಲ್ಲಿ ಯಾರೋ ಕುರ್ಚಿ ಸರಿಸಿ ಎದ್ದು ಹೊರನಡೆದರು. ಇನ್ನಿಬ್ಬರು ಹಿಂಬಾಲಿಸಿದರು. ಉಳಿದವರು ನೆಲ ನೋಡುತ್ತ ಕೂತರು. ಎಷ್ಟೋ ಹೊತ್ತಿನ ಮೇಲೆ ಒಬ್ಬೊಬ್ಬರಾಗಿ ತಲೆಯೆತ್ತಿದರು.

ಗೋಡೆಯ ಮೇಲೆ ಸಣ್ಣ ಕೈಯೊಂದು ಬಂತು. ನಿಧಾನದ ಕೈ. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ಹಿಂದೆ ಬಂದು, ಮುಂದೆ ಹೋಗಿ, ಒಂದು ಚಿತ್ರದ ಮೇಲೆ ನಿಂತುಬಿಟ್ಟಿತು. ಹೊಟ್ಟೆಯೊಳಗೆ ತಲೆ ಮೇಲಾಗಿ ಕುಂತ ಕೂಸು. ಕೆಳಗೆ ‘ಹೆಸರು ತಿಳಿದಿಲ್ಲ’ ಎಂದಿತ್ತು.

‘ಯಾರಿಗೆ ತಿಳಿದಿಲ್ಲ?’ ಎಂಬ ಧ್ವನಿಗೆ ಸಭೆಯೆಲ್ಲ ತಿರುಗಿತು. ಎದ್ದು ನಿಂತವನು ದುರ್ಗಪ್ಪ. ‘ನನಗ ತಿಳದೈತಿ. ಅದು ಗಾಳೆವ್ವನ ಕೈ.’

ಅಂಗಡಿಯವರು ಮೈಕಿನಲ್ಲಿ ಮೆತ್ತಗೆ, ‘ನೀವು ನೋಡಿದ್ರೇನ್ರೀ, ಆಕಿ ಓದೂದನ್ನ?’ ಎಂದರು.

‘ಓದೂದು ನೋಡಿಲ್ಲ. ನಿನ್ನೀತನಕ ಆಕೀನ್ನ ಚಾಷ್ಟಿ ಮಾಡಿದವ ನಾನ.’ ದುರ್ಗಪ್ಪನ ಬೆರಳು ಗೋಡೆಯತ್ತ ನೆಟ್ಟಿತ್ತು. ‘ಆ ಚಿತ್ರ ನೋಡ್ರಿ. ಅದು ನಾನು! ನಮ್ಮವ್ವ ಸಾಯೂತನಕ ಹೇಳತಿದ್ಲು, ನೀ ಕುಂತ ಹುಟ್ಟಿದ ಮಗ, ಗಾಳೆವ್ವ ಬಂದು ಹಡಸದಿದ್ರ ಇಬ್ಬರೂ ಹೋಗತಿದ್ವಿ ಅಂತ. ಆಕಿಗೆ ಯಾರು ಕಲಿಸಿದ್ರು, ಹೇಳ್ರಿ? ಡಾಕ್ಟರ್ ನಮ್ಮ ಕೇರಿಗೆ ಬರತಿರಲಿಲ್ಲ. ನಮ್ಮವರ್ಯಾರಿಗೂ ಗೊತ್ತಿರಲಿಲ್ಲ. ಈ ಪುಸ್ತಕದಿಂದ ಕಲತಾಳ. ನಾ ಜೀವಂತ ನಿಂತೀನಲ್ಲ, ಇದಕ್ಕಿಂತ ಬ್ಯಾರೆ ಸಾಕ್ಷಿ ಏನ್ ಬೇಕ್ರಿ ನಿಮಗ?’

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದಳು. ‘ನಾನೂ ಅದಾ ಕೈಯಾಗ ಹುಟ್ಟಿದಾಕಿ. ಬ್ಲೇಡ್ ಕುದಿಸಿ ಹೊಕ್ಕಳ ಬಳ್ಳಿ ಕೊಯ್ದಾಳ. ನಮ್ಮ ಕೇರ್ಯಾಗ ಅದಕ್ಕೂ ಮೊದಲ ಯಾರೂ ಕುದಿಸ್ತಿರಲಿಲ್ಲ.’ ಅವಳ ಪಕ್ಕದವನು ಎದ್ದ. ಅವನ ತಂಗಿ ಎದ್ದಳು. ನೋಡನೋಡುತ್ತ ಅರ್ಧ ಸಭೆ ಎದ್ದು ನಿಂತಿತು. ಮೂರು ಸಾಕ್ಷಿ ಕೇಳಿದ ನಿಯಮಕ್ಕೆ ಮೂವತ್ತು ಜನ, ನಲವತ್ತು ಜನ.

‘ಕುಂಡ್ರೋ ದುರ್ಗ್ಯಾ, ಮಂದಿ ನೋಡಾಕತ್ತಾರ,’ ಎಂದು ಗಾಳೆವ್ವ ಅವನ ಅಂಗಿ ಜಗ್ಗಿದಳು.

ಸಾಕ್ಷಿಗಳ ಹಾಳೆ ಕೈಯಿಂದ ಕೈಗೆ ಹೋಗಿ, ಎರಡೂ ಬದಿ ತುಂಬಿ ಬಂತು. ಹುಲಿಗೆಮ್ಮ ಅದನ್ನು ಅಂಗಡಿಯವರ ಮುಂದಿಟ್ಟಳು. ಅವರು ಓದಿದರು. ಕೊನೆಯ ಹೆಸರಿನವರೆಗೂ ಓದಿದರು. ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದರು.

ಹುಲಿ ನಿಯಂತ್ರಣ ಕೋಣೆಗೆ ಹೋಗಿ ಕೀಲಿಮಣೆಯ ಮುಂದೆ ಕೂತಳು. ಎರಡು ಸಲ ತಪ್ಪು ಹೊಡೆದಳು. ಗೋಡೆಯ ಮೇಲೆ ‘ಹೆಸರು ತಿಳಿದಿಲ್ಲ’ ಎಂಬ ಸಾಲು ಅಳಿದು, ಆ ಜಾಗ ಒಂದು ಗಳಿಗೆ ಖಾಲಿ ನಿಂತಿತು. ಹೊರಗೆ ಜಲೀಲ್ ಗಾಜಿನ ಮೇಲೆ ಬೆರಳಿನಿಂದ ತಟ್ಟಿ, ‘ಇನ್ನೂ ದೊಡ್ಡದು ಮಾಡು. ಮುದುಕಿ ಕಣ್ಣಿಗೆ ಕಾಣಬೇಕು,’ ಎಂದರು. ಹುಲಿ ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ.

ಗಾಳೆವ್ವ ಕುರ್ಚಿಯಿಂದ ಎದ್ದು, ಯಾರ ಭುಜವನ್ನೂ ಹಿಡಿಯದೆ ಗೋಡೆಯ ಹತ್ತಿರ ಹೋದಳು. ಕತ್ತೆತ್ತಿ, ತುಟಿ ಅಲುಗಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿದಳು:

‘ಗಾ... ಳೆ... ವ್ವ.’